ತೇಲಿದ ಬೀಜವೆಲ್ಲ ಪೊಳ್ಳೇ? ಪಪ್ಪಾಯಿ ಬೀಜದ ಸಂಗ್ರಹ, ಪ್ರೈಮಿಂಗ್ ಮತ್ತು ನಮ್ಮ ಎಂಟನೇ ತರಗತಿಯ ಪಾಠ

ಎಂಟನೇ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳೆಲ್ಲ ಸಾಮಾನ್ಯವಾಗಿ ಮಾಡಿಸುವ ಚಟುವಟಿಕೆ ಒಂದಿದೆ. ಬೀಕರಿನಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು, ಒಂದು ಹಿಡಿ ಗೋಧಿ ಹಾಕಿ ಕಲಕಿ ಬಿಡುವುದು. ಮುಳುಗಿದ ಕಾಳು ಬಿತ್ತನೆಗೆ ಯೋಗ್ಯ, ತೇಲಿದ್ದು ಹುಳು ತಿಂದು ಪೊಳ್ಳಾದದ್ದು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅದೇ ಮಕ್ಕಳಿಗೆ ಆಹಾರ ಕಲಬೆರಕೆಯ ಚಟುವಟಿಕೆಯಲ್ಲಿ ನಾವು ಇನ್ನೊಂದು ಮಾತು ಹೇಳುತ್ತೇವೆ. ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ್ದಾರೆಯೇ ಎಂದು ನೋಡಲು ನೀರಿಗೆ ಹಾಕಿ. ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡ ಪ್ರಾಧಿಕಾರ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ಇದನ್ನೂ ಸೇರಿಸಿದೆ.

ಎರಡು ಮಾತುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಅದನ್ನು ಕೇಳಿದ್ದು ಒಬ್ಬ ಹುಡುಗ. “ಮಿಸ್, ಹಂಗಾದ್ರೆ ಪರಂಗಿ ಬೀಜ ಎಲ್ಲಾ ಪೊಳ್ಳಾ? ನಮ್ಮಪ್ಪ ಅದ್ರಲ್ಲೇ ಸಸಿ ಮಾಡ್ತಾರಲ್ಲ, ಹುಟ್ತಾವಲ್ಲ?” ಅವನ ಮನೆಯವರು ಪಾಲಿಥಿನ್ ಚೀಲಗಳಲ್ಲಿ ಹಣ್ಣಿನ ಸಸಿ ಬೆಳೆಸಿ ಮಾರುವವರು. ಇಂಥ ಪ್ರಶ್ನೆಗೆ “ಅದು ಬೇರೆ ವಿಷಯ, ಪುಸ್ತಕದಲ್ಲಿ ಇರೋದನ್ನ ಬರ್ಕೊ” ಎಂದುಬಿಟ್ಟರೆ ಮಗು ಕಲಿಯುವುದು ಒಂದೇ ಪಾಠ: ಪುಸ್ತಕ ಪರೀಕ್ಷೆಗೆ, ತೋಟ ಬದುಕಿಗೆ. ಬೀಜದ ವಿಜ್ಞಾನದಲ್ಲಿ ಈ ಎರಡನ್ನೂ ಜೋಡಿಸುವ ದಾರಿ ಸುಲಭವಾಗಿಯೇ ಸಿಗುತ್ತದೆ. ಮುಂದಿನ ತಂಡದ ಸ್ನೇಹಿತರಿಗೆ ಉಪಯೋಗವಾಗಲೆಂದು ಪಪ್ಪಾಯಿ ಬೀಜವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ವಿಷಯವನ್ನು ಇಲ್ಲಿ ವಿವರಿಸಿದ್ದೇನೆ.

ಒಣ ಬೀಜವೂ ಉಸಿರಾಡುತ್ತದೆ

ಬೀಜವೆಂದರೆ ಒಂದು ಎಳೆಯ ಸಸ್ಯ, ಅದಕ್ಕೆ ಬೇಕಾದ ಬುತ್ತಿ ಮತ್ತು ಮೇಲೊಂದು ಹೊದಿಕೆ. ಡಬ್ಬಿಯಲ್ಲಿ ಸುಮ್ಮನೆ ಬಿದ್ದಿರುವಂತೆ ಕಂಡರೂ ಅದರೊಳಗೆ ಉಸಿರಾಟ ನಿಧಾನವಾಗಿ ನಡೆದೇ ಇರುತ್ತದೆ. ಉಸಿರಾಟದ ವೇಗ ಎರಡರ ಮೇಲೆ ನಿಂತಿದೆ: ಬೀಜದೊಳಗಿನ ತೇವಾಂಶ ಮತ್ತು ಸುತ್ತಲಿನ ಉಷ್ಣತೆ. ಇವೆರಡೂ ಹೆಚ್ಚಾದಷ್ಟು ಬುತ್ತಿ ಬೇಗ ಖರ್ಚಾಗುತ್ತದೆ, ಕೋಶಪೊರೆಗಳು ಹಾಳಾಗುತ್ತವೆ, ಶಿಲೀಂಧ್ರ ಮತ್ತು ಹುಳುಗಳಿಗೂ ಅನುಕೂಲವಾಗುತ್ತದೆ. ಎಣ್ಣೆಯ ಅಂಶ ಹೆಚ್ಚಿರುವ ಬೀಜಗಳಲ್ಲಿ ಎಣ್ಣೆ ಕಮಟಾಗುವುದರಿಂದ ಈ ಹಾನಿ ಇನ್ನೂ ಬೇಗ ಆಗುತ್ತದೆ. ಪಪ್ಪಾಯಿ ಬೀಜ ಅಂಥದ್ದೇ.

ಇದನ್ನು ಲೆಕ್ಕದಲ್ಲಿ ಹೇಳಲು ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜ ವಿಜ್ಞಾನಿಯ ಎರಡು ಸರಳ ಸೂತ್ರಗಳಿವೆ. ಬೀಜದ ತೇವಾಂಶ ಶೇಕಡಾ 1ರಷ್ಟು ಕಡಿಮೆಯಾದಾಗಲೆಲ್ಲ ಬೀಜದ ಆಯುಷ್ಯ ಎರಡರಷ್ಟಾಗುತ್ತದೆ. ಸಂಗ್ರಹದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಮತ್ತೆ ಎರಡರಷ್ಟಾಗುತ್ತದೆ. ತೇವಾಂಶ ಸುಮಾರು 5ರಿಂದ 14 ಶೇಕಡಾ ಒಳಗಿದ್ದಾಗ ಮಾತ್ರ ಮೊದಲ ಸೂತ್ರ ಹೊಂದುತ್ತದೆ. 12 ಶೇಕಡಾ ತೇವದ ಬೀಜವನ್ನು 10ಕ್ಕೆ ಒಣಗಿಸಿದರೆ ಆಯುಷ್ಯ ನಾಲ್ಕು ಪಟ್ಟು. 30 ಡಿಗ್ರಿಯಿಂದ 20ಕ್ಕೆ ಇಳಿಸಿದರೆ ಇನ್ನೊಂದು ನಾಲ್ಕು ಪಟ್ಟು. ಎರಡನ್ನೂ ಮಾಡಿದರೆ ಹದಿನಾರು ಪಟ್ಟು. ಗಣಿತದ ಘಾತಾಂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೂರನೆಯದೊಂದು ಅಂದಾಜೂ ಇದೆ. ಕೋಣೆಯ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಂಡು ಗಾಳಿಯ ಸಾಪೇಕ್ಷ ಆರ್ದ್ರತೆಯ ಶೇಕಡಾವಾರನ್ನು ಅದಕ್ಕೆ ಕೂಡಿಸಿದರೆ ಮೊತ್ತ 100ಕ್ಕಿಂತ ಕಡಿಮೆ ಇರಬೇಕು. ಕರಾವಳಿಯಲ್ಲಿ ಮಳೆಗಾಲದ ಒಂದು ದಿನ 25 ಡಿಗ್ರಿ ಸೆಲ್ಸಿಯಸ್, ಅಂದರೆ 77 ಫ್ಯಾರನ್‌ಹೀಟ್ ಇದ್ದು, ಆರ್ದ್ರತೆ 85 ಇದ್ದರೆ ಮೊತ್ತ 162. ಕಾಗದದ ಪೊಟ್ಟಣದಲ್ಲಿ ಕಪಾಟಿನ ಮೇಲಿಟ್ಟ ಬೀಜ ಆಷಾಢ ಕಳೆಯುವುದರೊಳಗೆ ಏಕೆ ಕೆಡುತ್ತದೆ ಎಂಬುದಕ್ಕೆ ಮಕ್ಕಳು ತಾವೇ ಉತ್ತರ ಕೊಡಬಲ್ಲರು.

ಒಂದೇ ನಿಯಮ ಎಲ್ಲ ಬೀಜಕ್ಕೂ ಸಲ್ಲದು

ಇಷ್ಟು ಹೇಳಿ ನಿಲ್ಲಿಸಿದರೆ “ಬೀಜವನ್ನು ಚೆನ್ನಾಗಿ ಒಣಗಿಸಿ ತಂಪಾದ ಜಾಗದಲ್ಲಿಡಿ” ಎಂಬ ಒಂದು ಸಾಲಿಗೆ ಪಾಠ ಮುಗಿಯುತ್ತದೆ. ರಾಗಿ, ಭತ್ತ, ಅವರೆ, ಬದನೆ, ಟೊಮೆಟೊಗಳ ಮಟ್ಟಿಗೆ ಆ ಸಾಲು ಸರಿ. ಹಣ್ಣಿನ ಬೆಳೆಗಳಿಗೆ ಬಂದಾಗ ಅದು ಅರ್ಧ ಸತ್ಯ, ಕೆಲವು ಬಾರಿ ಪೂರ್ತಿ ತಪ್ಪು.

ಒಣಗಿಸುವುದನ್ನು ತಾಳಿಕೊಳ್ಳುವ ಶಕ್ತಿಯನ್ನು ನೋಡಿ ಬ್ರಿಟನ್ನಿನ ವಿಜ್ಞಾನಿ ರಾಬರ್ಟ್ಸ್ 1973ರಲ್ಲಿ ಬೀಜಗಳನ್ನು ಎರಡು ಗುಂಪು ಮಾಡಿದರು.

ಮೊದಲನೆಯದು ಒಣಗು ತಾಳುವ ಬೀಜಗಳು. ಇವನ್ನು ಶೇಕಡಾ 5ರ ಆಸುಪಾಸಿನ ತೇವಾಂಶದವರೆಗೂ ಒಣಗಿಸಬಹುದು. ಒಣಗಿಸಿದ ಮೇಲೆ ಅತಿ ಶೀತದಲ್ಲೂ ಇಡಬಹುದು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇಡುವುದು ಇಂಥ ಬೀಜಗಳನ್ನೇ. ಹಣ್ಣುಗಳಲ್ಲಿ ಸೀಬೆ, ಸೀತಾಫಲ ಈ ಗುಂಪಿನವು.

ಎರಡನೆಯದು ಒಣಗು ತಾಳದ ಬೀಜಗಳು. ಮಾವು, ಹಲಸು ಇದಕ್ಕೆ ಸೇರುತ್ತವೆ. ಇವು ಮರದಿಂದ ಬೀಳುವಾಗಲೇ ತುಂಬ ನೀರು ಹೊತ್ತಿರುತ್ತವೆ. ಆ ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಾಯುತ್ತವೆ. ಹಣ್ಣಾದ ಹಲಸಿನೊಳಗೇ ಬೀಜ ಬೇರು ಬಿಟ್ಟಿರುವುದನ್ನು ಮಲೆನಾಡಿನ ಮಕ್ಕಳು ನೋಡಿಯೇ ಇರುತ್ತಾರೆ. ಅಂಥ ಬೀಜಕ್ಕೆ ಕಾಯುವ ಅಭ್ಯಾಸವೇ ಇಲ್ಲ. ಮಳೆಗಾಲದ ಅಡುಗೆಗೆಂದು ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿಯೋ ಮಣ್ಣಿನಲ್ಲಿ ಹುದುಗಿಸಿಯೋ ಇಡುವ ಕ್ರಮ ಕರಾವಳಿ, ಮಲೆನಾಡಿನ ಮನೆಗಳಲ್ಲಿದೆ. ಬೀಜದ ನೀರು ಆರಿಹೋಗದಂತೆ ಕಾಯುವ ಉಪಾಯ ಅದು. ಮಾವಿನ ಓಟೆಯನ್ನು ಹಣ್ಣು ತಿಂದ ಕೆಲವೇ ವಾರಗಳಲ್ಲಿ ಊರದಿದ್ದರೆ ಕಸಿಗೆ ಬೇರುಸಸಿ ಸಿಗುವುದಿಲ್ಲ. ಈ ಕಾರಣಕ್ಕೇ ಮಾವಿನ ತಳಿಗಳನ್ನು ಬೀಜವಾಗಿ ಡಬ್ಬಿಯಲ್ಲಿಡದೆ, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆ ಮರಗಳಾಗಿಯೇ ಬೆಳೆಸಿ ಕಾಪಾಡುತ್ತಾರೆ.

ಇವೆರಡರ ನಡುವೆ ಇನ್ನೊಂದು ಗುಂಪಿದೆ ಎಂದು ಎಲ್ಲಿಸ್, ಹಾಂಗ್ ಮತ್ತು ರಾಬರ್ಟ್ಸ್ 1990ರಲ್ಲಿ ಕಾಫಿ ಬೀಜದ ಅಧ್ಯಯನದಿಂದ ತೋರಿಸಿದರು. ಮರುವರ್ಷ ಅದೇ ತಂಡ ಪಪ್ಪಾಯಿಯ ಬೀಜವೂ ಈ ನಡುವಿನ ಗುಂಪಿನದೇ ಎಂದು ವರದಿ ಮಾಡಿತು. ಇಂಥ ಬೀಜವನ್ನು ಒಂದು ಹಂತದವರೆಗೆ ಒಣಗಿಸಬಹುದು, ಒಣಗಿಸಲೂ ಬೇಕು. ಆದರೆ ತೀರಾ ಒಣಗಿಸಿದರೆ ಅಥವಾ ಒಣಗಿಸಿ ತೀರಾ ತಣ್ಣಗೆ ಇಟ್ಟರೆ ಕೆಡುತ್ತದೆ. ಪಪ್ಪಾಯಿಗೆ ಶೇಕಡಾ 8ರಿಂದ 9ರ ಆಸುಪಾಸಿನ ತೇವಾಂಶ, ಗಾಳಿಯಾಡದ ಡಬ್ಬಿ, 15 ಡಿಗ್ರಿ ಸೆಲ್ಸಿಯಸ್‌ನ ಸುಮಾರಿನ ಉಷ್ಣತೆ ಹಿತ. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಬಿತ್ತನೆಯ ಕಾಫಿ ಬೀಜವನ್ನು ಬೂದಿ ಬೆರೆಸಿ ನೆರಳಿನಲ್ಲಿ ಹದವಾಗಿ ಒಣಗಿಸಿ ಅದೇ ಹಂಗಾಮಿನಲ್ಲಿ ಬಿತ್ತುವುದಕ್ಕೂ ಇದೇ ಗುಣ ಕಾರಣ.

ಆದ್ದರಿಂದ ಕರಿಹಲಗೆಯ ಮೇಲೆ “ಬೀಜವನ್ನು ಒಣಗಿಸಬೇಕು” ಎಂದು ಬರೆಯುವ ಬದಲು “ಈ ಬೀಜ ಎಷ್ಟು ಒಣಗನ್ನು ತಾಳುತ್ತದೆ?” ಎಂಬ ಪ್ರಶ್ನೆಯನ್ನು ಬರೆಯುವುದು ನನಗೆ ಸರಿ ಕಾಣುತ್ತದೆ.

ಪಪ್ಪಾಯಿ ಬೀಜದ ಮೇಲಿನ ಲೋಳೆ

ಪಪ್ಪಾಯಿ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಬೆಳೆ. ಹಳೇ ಮೈಸೂರು ಕಡೆ ಅದನ್ನು ‘ಪರಂಗಿ’ ಎನ್ನುವುದರಲ್ಲೇ ಅದು ಹೊರಗಿನಿಂದ ಬಂದ ಗುರುತಿದೆ. ಹಣ್ಣು ಹೆಚ್ಚಿದಾಗ ಕಾಣುವ ಕಪ್ಪು ಬೀಜಗಳ ಮೇಲೆ ಲೋಳೆಯಂಥ ಒಂದು ಚೀಲವಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸಾರ್ಕೊಟೆಸ್ಟಾ ಎಂದು ಹೆಸರು. ಇದರಲ್ಲಿ ಮೊಳಕೆಯನ್ನು ತಡೆಯುವ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ತೇವ ತುಂಬಿದ ಹಣ್ಣಿನೊಳಗೇ ಬೀಜ ಮೊಳೆತುಬಿಡದಂತೆ ಗಿಡವೇ ಹಾಕಿದ ಬೀಗ ಅದು. ಈ ಲೋಳೆಯ ಸಮೇತ ಒಣಗಿಸಿದ ಬೀಜವನ್ನು ಬಿತ್ತಿದರೆ ಮೊಳಕೆ ತಡವಾಗುತ್ತದೆ, ಏರುಪೇರಾಗುತ್ತದೆ.

ಬೀಜವನ್ನು ಬೂದಿ ಅಥವಾ ಮರಳಿನಲ್ಲಿ ಉಜ್ಜಿ, ತೊಳೆದು, ನೆರಳಿನಲ್ಲಿ ಒಣಗಿಸುವ ರೂಢಿ ಹುಟ್ಟಿದ್ದು ಹೀಗೆ. ಬೂದಿ ಇಲ್ಲಿ ಎರಡು ಕೆಲಸ ಮಾಡುತ್ತದೆ: ಲೋಳೆಯನ್ನು ಬಿಡಿಸುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಬಿಸಿಲಿಗೆ ಕಾದ ಸಿಮೆಂಟ್ ನೆಲದ ಮೇಲೆ ಹರಡುವುದು ಒಳ್ಳೆಯದಲ್ಲ. ಬೀಜ ಬೇಗ ಒಣಗುತ್ತದೆ ನಿಜ, ಅದರೊಂದಿಗೆ ಭ್ರೂಣಕ್ಕೆ ಬಿಸಿಯ ಪೆಟ್ಟೂ ಬೀಳುತ್ತದೆ.

ಇನ್ನು ತೇಲುವ ಪ್ರಶ್ನೆ. ಒಣಗಿದ ಪಪ್ಪಾಯಿ ಬೀಜದ ಮೇಲ್ಮೈ ಸುಕ್ಕುಸುಕ್ಕಾಗಿ, ಗೆರೆಗಳಿಂದ ತುಂಬಿರುತ್ತದೆ. ಆ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ, ಬೀಜವೂ ಹಗುರ. ಆದ್ದರಿಂದ ಜೀವವಿರುವ ಬೀಜವೂ ತೇಲುತ್ತದೆ. ತೇಲುವುದು ಮುಳುಗುವುದು ಸಾಂದ್ರತೆಯ ಮಾತು, ಜೀವದ ಮಾತಲ್ಲ. ಗೋಧಿಯಲ್ಲಿ ಹುಳು ತಿಂದ ಕಾಳಿನ ಸಾಂದ್ರತೆ ಕಡಿಮೆಯಾಗುವುದರಿಂದ ಅಲ್ಲಿ ಈ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಒಂದು ಬೆಳೆಗೆ ಹೊಂದುವ ಪರೀಕ್ಷೆಯನ್ನು ಇನ್ನೊಂದು ಬೆಳೆಗೆ ಒಯ್ಯುವ ಮೊದಲು ಆ ಬೆಳೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ತರಗತಿಯಲ್ಲಿ ನಾನು ಹೇಳಿದ್ದು ಇಷ್ಟೇ. ಉಳಿದದ್ದನ್ನು ಬಿತ್ತಿ ನೋಡಲು ಮಕ್ಕಳಿಗೇ ಬಿಟ್ಟೆ.

ಪ್ರೈಮಿಂಗ್: ನೀರು ಕೊಟ್ಟು ಹಿಂದಕ್ಕೆ ಪಡೆಯುವುದು

ಸಂಗ್ರಹದಲ್ಲಿ ಬೀಜದಿಂದ ನೀರನ್ನು ದೂರವಿಡುತ್ತೇವೆ. ಪ್ರೈಮಿಂಗ್‌ನಲ್ಲಿ ಅದಕ್ಕೆ ತಿರುಗಾಮುರುಗಾ ಬೀಜಕ್ಕೆ ನೀರು ಕೊಡುತ್ತೇವೆ, ಆದರೆ ಲೆಕ್ಕವಿಟ್ಟು.

ಒಣ ಬೀಜ ನೀರು ಕುಡಿಯುವುದು ಮೂರು ಹಂತಗಳಲ್ಲಿ. ಮೊದಲ ಹಂತದಲ್ಲಿ ಒಣ ಬಟ್ಟೆಯಂತೆ ಬೇಗ ಬೇಗ ಹೀರಿಕೊಳ್ಳುತ್ತದೆ. ಸತ್ತ ಬೀಜವೂ ಇಷ್ಟನ್ನು ಮಾಡುತ್ತದೆ. ಎರಡನೆಯ ಹಂತದಲ್ಲಿ ನೀರು ಹೀರುವುದು ಬಹುತೇಕ ನಿಲ್ಲುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ಕೆಲಸ ಜೋರಾಗಿರುತ್ತದೆ. ಹಾಳಾದ ಕೋಶಪೊರೆ ಮತ್ತು ಡಿಎನ್‌ಎ ದುರಸ್ತಿಯಾಗುತ್ತವೆ, ಕಿಣ್ವಗಳು ತಯಾರಾಗುತ್ತವೆ, ಭ್ರೂಣವನ್ನು ಸುತ್ತಿದ ಆಹಾರದ ಪದರ ಮೆತ್ತಗಾಗುತ್ತದೆ. ಮೂರನೆಯ ಹಂತದಲ್ಲಿ ಎಳೆಬೇರು ಕವಚವನ್ನು ಒಡೆದು ಹೊರಬರುತ್ತದೆ, ಮತ್ತೆ ನೀರು ಹೀರಲು ತೊಡಗುತ್ತದೆ.

ಪ್ರೈಮಿಂಗ್ ಎಂದರೆ ಬೀಜವನ್ನು ಎರಡನೆಯ ಹಂತದ ಕೊನೆಯವರೆಗೆ ತಂದು, ಮೂರನೆಯದಕ್ಕೆ ಕಾಲಿಡುವ ಮುನ್ನ ನಿಲ್ಲಿಸಿ, ಮತ್ತೆ ಒಣಗಿಸುವುದು. ಒಲೆಯಲ್ಲಿ ಸೌದೆ ಜೋಡಿಸಿ, ಚಕ್ಕೆ ಇಟ್ಟು, ಕಡ್ಡಿ ಗೀರದೆ ಬಿಟ್ಟ ಹಾಗೆ. ಬಿತ್ತಿದಾಗ ಮಣ್ಣಿನ ತೇವ ತಗುಲಿದರೆ ಸಾಕು, ಮೊಳಕೆ ಬೇಗ ಮತ್ತು ಒಟ್ಟೊಟ್ಟಿಗೆ ಬರುತ್ತದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈಡೆಕರ್ ಮತ್ತು ಸಂಗಡಿಗರು 1973ರಲ್ಲಿ ಪಾಲಿಎಥಿಲಿನ್ ಗ್ಲೈಕಾಲ್ ದ್ರಾವಣ ಬಳಸಿ ಈ ವಿಧಾನವನ್ನು ವಿವರಿಸಿದ ಮೇಲೆ ಪ್ರೈಮಿಂಗ್ ಎಂಬ ಮಾತು ಬೀಜ ವಿಜ್ಞಾನದಲ್ಲಿ ನೆಲೆಯೂರಿತು.

ಮಕ್ಕಳು ಇಲ್ಲಿ ಎರಡು ವಿಷಯಗಳನ್ನು ಬೆರೆಸಿಕೊಳ್ಳುವ ಸಂಭವವಿದೆ. ಮನೆಯಲ್ಲಿ ಹೆಸರುಕಾಳು ಮೊಳಕೆ ಕಟ್ಟುವುದು, ಭತ್ತವನ್ನು ಮೊಳಕೆ ಬರಿಸಿ ಒಟ್ಟಲಿಗೆ ಹಾಕುವುದು ಪ್ರೈಮಿಂಗ್ ಅಲ್ಲ. ಅಲ್ಲಿ ಬೇರು ಹೊರಬಂದಿದೆ. ಬೇರು ಹೊರಬಂದ ಬೀಜ ಒಣಗು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅದನ್ನು ತಕ್ಷಣ ಬಿತ್ತಬೇಕು, ಹಿಂದಕ್ಕೆ ಒಣಗಿಸಿದರೆ ಸಾಯುತ್ತದೆ.

ಏನನ್ನು ಬಳಸುತ್ತೇವೆ ಎಂಬುದರ ಮೇಲೆ ಪ್ರೈಮಿಂಗ್‌ನಲ್ಲಿ ಬಗೆಗಳಿವೆ. ಬರೀ ನೀರಿನಲ್ಲಿ ನೆನೆಸುವುದು ಅತಿ ಸುಲಭ. ಪಾಲಿಎಥಿಲಿನ್ ಗ್ಲೈಕಾಲ್ ಅಥವಾ ಪೊಟ್ಯಾಸಿಯಂ ನೈಟ್ರೇಟ್‌ನಂಥ ಲವಣದ ದ್ರಾವಣದಲ್ಲಿ ಬೀಜ ನೀರನ್ನು ನಿಧಾನವಾಗಿ ಹೀರುವುದರಿಂದ ಹಿಡಿತ ಹೆಚ್ಚು. ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನಿನ ದ್ರಾವಣ ಪಪ್ಪಾಯಿಗೆ ವಿಶೇಷವಾಗಿ ಒಗ್ಗುತ್ತದೆ. ಸಾಮಾನ್ಯವಾಗಿ 100ರಿಂದ 200 ಪಿಪಿಎಂ ದ್ರಾವಣವನ್ನು ಬಳಸುತ್ತಾರೆ. ಒಂದು ಲೀಟರ್ ನೀರಿಗೆ 100 ಮಿಲಿಗ್ರಾಂ ಎಂದರೆ 100 ಪಿಪಿಎಂ. ಅದು ನೀರಿನಲ್ಲಿ ನೇರವಾಗಿ ಚೆನ್ನಾಗಿ ಕರಗದ ಕಾರಣ ಮೊದಲು ಸ್ವಲ್ಪ ಆಲ್ಕೊಹಾಲ್‌ನಲ್ಲಿ ಕರಗಿಸಿಕೊಳ್ಳುತ್ತಾರೆ. ಟ್ರೈಕೊಡರ್ಮಾದಂಥ ಉಪಕಾರಿ ಶಿಲೀಂಧ್ರವನ್ನು ಬೀಜಕ್ಕೆ ಸೇರಿಸುವ ಜೈವಿಕ ವಿಧಾನವೂ ಇದೆ. ಪಪ್ಪಾಯಿ ಸಸಿಗಳು ಬುಡದಲ್ಲಿ ಕೊಳೆತು ಮಲಗುವ ರೋಗವಿರುವ ಕಡೆ ಇದರಿಂದ ಅನುಕೂಲ.

ಪ್ರೈಮಿಂಗ್ ಏನು ಮಾಡಲಾರದು

ಇದನ್ನು ಹೇಳದೆ ಪಾಠ ಮುಗಿಸಬಾರದು. ಪ್ರೈಮಿಂಗ್ ಸತ್ತ ಬೀಜವನ್ನು ಬದುಕಿಸುವುದಿಲ್ಲ. ಸಂಗ್ರಹದಲ್ಲಿ ಸ್ವಲ್ಪ ಮುದಿಯಾದ ಬೀಜಕ್ಕೆ ದುರಸ್ತಿಯ ಅವಕಾಶ ಕೊಡುತ್ತದೆ, ಅಷ್ಟೆ. ಮಾವು, ಹಲಸಿನಂಥ ಒಣಗು ತಾಳದ ಬೀಜಗಳಲ್ಲಿ ನೆನೆಸಿ ಒಣಗಿಸುವ ಮಾತೇ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ಪ್ರೈಮ್ ಮಾಡಿದ ಬೀಜ ಹೆಚ್ಚು ದಿನ ಉಳಿಯುವುದಿಲ್ಲ. ಮೊಳಕೆಯ ಹಾದಿಯಲ್ಲಿ ಅದು ಅರ್ಧ ದೂರ ಬಂದಾಗಿದೆ. ಆದ್ದರಿಂದ ಮೊದಲು ಸಂಗ್ರಹ, ಬಿತ್ತುವ ಹೊತ್ತಿಗೆ ಪ್ರೈಮಿಂಗ್. ಪ್ರೈಮ್ ಮಾಡಿ ಮುಂದಿನ ವರ್ಷಕ್ಕೆ ಎತ್ತಿಡುವುದಲ್ಲ.

ಮೊಳೆಯದ ಬೀಜವೆಲ್ಲ ಸತ್ತ ಬೀಜವೂ ಅಲ್ಲ. ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ಬೀಜ ವಿಜ್ಞಾನಿಗಳು ಭಾರತೀಯ ಸಹೋದ್ಯೋಗಿಯೊಬ್ಬರೊಂದಿಗೆ 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪಪ್ಪಾಯಿಯಲ್ಲಿ ಇದನ್ನು ತೋರಿಸಿತು. ಒಣಗಿಸಿದ ಮೇಲೆ ಮೊಳೆಯದೆ ಉಳಿದ ಬೀಜಗಳು ಸತ್ತಿರಲಿಲ್ಲ, ಒಣಗಿಸಿದ್ದರಿಂದಲೇ ಸುಪ್ತಾವಸ್ಥೆಗೆ ಜಾರಿದ್ದವು. ಕೆಲವು ಗಂಟೆಗಳ ಕಾಲ ಉಷ್ಣತೆಯನ್ನು ಏರಿಸಿದಾಗ ಎಚ್ಚೆತ್ತವು. ಸತ್ತದ್ದು ಯಾವುದು, ಮಲಗಿದ್ದು ಯಾವುದು ಎಂದು ಪ್ರಯೋಗಾಲಯಗಳಲ್ಲಿ ಟೆಟ್ರಜೋಲಿಯಂ ಎಂಬ ಲವಣದಿಂದ ಪರೀಕ್ಷಿಸುತ್ತಾರೆ. ಉಸಿರಾಡುವ ಜೀವಕೋಶ ಅದರಲ್ಲಿ ಕೆಂಪಾಗುತ್ತದೆ, ಸತ್ತದ್ದು ಹಾಗೇ ಉಳಿಯುತ್ತದೆ. ಶಾಲೆಯಲ್ಲಿ ಅದನ್ನು ಮಾಡಿಸಬೇಕಿಲ್ಲ. ‘ಮೊಳೆಯಲಿಲ್ಲ’ ಮತ್ತು ‘ಸತ್ತಿದೆ’ ಎಂಬ ಎರಡು ಮಾತು ಒಂದೇ ಅಲ್ಲ ಎಂದು ತಿಳಿದರೆ ಸಾಕು.

ತರಗತಿಯಲ್ಲಿ ಮಾಡಿಸುವ ಕ್ರಮ

ಪಪ್ಪಾಯಿ ಮೊಳೆಯಲು ಎರಡರಿಂದ ಮೂರು ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಬೋಧನಾಭ್ಯಾಸಕ್ಕೆ ಶಾಲೆಗೆ ಹೋದ ಮೊದಲ ವಾರವೇ ಬೀಜ ಬಿತ್ತದಿದ್ದರೆ ಫಲಿತಾಂಶ ಬರುವ ಹೊತ್ತಿಗೆ ನಾವು ಅಲ್ಲಿರುವುದಿಲ್ಲ. ಪಾಠದ ದಿನ ಎಂದೇ ಇರಲಿ, ಬಿತ್ತನೆ ಮಾತ್ರ ಮೊದಲೇ ಆಗಲಿ.

1. ಚೆನ್ನಾಗಿ ಹಣ್ಣಾದ ಒಂದೇ ಹಣ್ಣಿನ ಬೀಜಗಳನ್ನು ತೆಗೆದುಕೊಳ್ಳಿ. ಅಂಗಡಿಯ ಪೊಟ್ಟಣದ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ. ರೆಡ್ ಲೇಡಿಯಂಥ ಹೈಬ್ರಿಡ್ ಹಣ್ಣಿನ ಬೀಜವಾದರೂ ಈ ಪ್ರಯೋಗಕ್ಕೆ ಆಗುತ್ತದೆ. ಆದರೆ ಅದರಿಂದ ಹುಟ್ಟಿದ ಗಿಡಗಳು ತಾಯಿಯಂತೆಯೇ ಇರುವುದಿಲ್ಲ ಎಂದು ಹೇಳಿಬಿಡಿ.

2. ಮೂರು ಗುಂಪು ಮಾಡಿ, ಪ್ರತಿಯೊಂದಕ್ಕೂ 25 ಬೀಜ. ಮೊದಲ ಗುಂಪು ಲೋಳೆಯ ಸಮೇತ ನೆರಳಲ್ಲಿ ಒಣಗಿಸಿದ್ದು. ಎರಡನೆಯದು ಬೂದಿಯಲ್ಲಿ ಉಜ್ಜಿ ತೊಳೆದು ಒಣಗಿಸಿದ್ದು. ಮೂರನೆಯದು ಎರಡನೆಯದರಂತೆಯೇ ಮಾಡಿ, 24 ಗಂಟೆ ನೀರಲ್ಲಿ ನೆನೆಸಿ, ಮತ್ತೆ ನೆರಳಿನಲ್ಲಿ ಒಣಗಿಸಿದ್ದು.

3. ಮೂರನೆಯ ಗುಂಪನ್ನು ನೆನೆಸುವ ಮೊದಲು ತೂಕ ಮಾಡಿ ಬರೆದಿಡಿ. ನೆನೆದ ಮೇಲೆ ಮತ್ತೊಮ್ಮೆ ತೂಗಿ. ಮೊದಲಿನ ತೂಕಕ್ಕೆ ಮರಳುವವರೆಗೆ ಒಣಗಿಸಿ. ಬೀಜ ಎಷ್ಟು ನೀರು ಪಡೆಯಿತು, ಎಷ್ಟನ್ನು ಹಿಂದಕ್ಕೆ ಕೊಟ್ಟಿತು ಎಂಬ ಲೆಕ್ಕ ಮಕ್ಕಳ ಕಣ್ಣೆದುರಿಗೇ ಬರುತ್ತದೆ.

4. ಒಂದೇ ಮಣ್ಣು, ಒಂದೇ ಆಳ, ಒಂದೇ ಜಾಗ, ಒಂದೇ ಅಳತೆಯ ನೀರು. ಬೇರೆ ಇರಬೇಕಾದದ್ದು ಬೀಜಕ್ಕೆ ಮಾಡಿದ ಉಪಚಾರ ಮಾತ್ರ. ನಿಯಂತ್ರಿತ ಪ್ರಯೋಗ ಎಂದರೇನು ಎಂಬುದನ್ನು ವ್ಯಾಖ್ಯಾನ ಹೇಳಿ ಬರೆಸುವ ಅಗತ್ಯ ಇಲ್ಲಿ ಬೀಳುವುದಿಲ್ಲ.

5. ದಿನವೂ ಒಂದೇ ಹೊತ್ತಿಗೆ ಮೊಳಕೆಗಳನ್ನು ಎಣಿಸಿ ತಖ್ತೆಯಲ್ಲಿ ತುಂಬಿ. ಶನಿವಾರ, ಭಾನುವಾರದ ಸರದಿಯನ್ನು ಮೊದಲೇ ಹಂಚಿ.

ಎಣಿಕೆಯಿಂದ ಗುಣಮಟ್ಟಕ್ಕೆ

ಎಷ್ಟು ಮೊಳೆತವು ಎಂಬ ಶೇಕಡಾವಾರು ಒಂದೇ ಗುಣಮಟ್ಟದ ಅಳತೆಯಲ್ಲ. ಎಷ್ಟು ಬೇಗ ಮೊಳೆತವು ಎಂಬುದನ್ನೂ ನೋಡಬೇಕು. ಲೆಕ್ಕ ಕಲಿಸಲೆಂದೇ ಊಹಿಸಿಕೊಂಡ ಒಂದು ಉದಾಹರಣೆ: ಎರಡು ಮಡಿಗಳಲ್ಲೂ 25ಕ್ಕೆ 20 ಮೊಳೆತಿವೆ, ಅಂದರೆ ಎರಡೂ ಶೇಕಡಾ 80. ಮೊದಲ ಮಡಿಯಲ್ಲಿ 10ನೇ ದಿನ 15, 12ನೇ ದಿನ 5. ಎರಡನೆಯದರಲ್ಲಿ 12, 16, 20, 24ನೇ ದಿನಗಳಲ್ಲಿ ಐದೈದು. ಪ್ರತಿ ದಿನದ ಮೊಳಕೆಗಳ ಸಂಖ್ಯೆಯನ್ನು ಆ ದಿನದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಮೊಳಕೆಗಳಿಂದ ಭಾಗಿಸಿದರೆ ಸರಾಸರಿ ಮೊಳಕೆ ಅವಧಿ ಸಿಗುತ್ತದೆ. ಮೊದಲನೆಯದಕ್ಕೆ 10.5 ದಿನ, ಎರಡನೆಯದಕ್ಕೆ 18 ದಿನ. ಶೇಕಡಾವಾರು ಒಂದೇ ಆದರೂ ಸಸಿ ಮಾರುವವರಿಗೆ ಬೇಕಾದದ್ದು ಮೊದಲ ಮಡಿ. ಒಂದೇ ಎತ್ತರದ ಸಸಿಗಳು ಒಂದೇ ಸಲ ಮಾರಾಟಕ್ಕೆ ಸಿಗುತ್ತವೆ. ಪ್ರೈಮಿಂಗ್‌ನ ಲಾಭ ಬಹಳ ಸಲ ಕಾಣುವುದು ಈ ವೇಗದಲ್ಲೇ. ಇದರ ಜೊತೆಗೆ ಶೇಕಡಾವಾರನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಿದರೆ ಸಿಗುವ ‘ಚೈತನ್ಯ ಸೂಚ್ಯಂಕ’ವನ್ನೂ ಬೀಜ ವಿಜ್ಞಾನಿಗಳು ಬಳಸುತ್ತಾರೆ. ಅದನ್ನು 1973ರಲ್ಲಿ ಸೂಚಿಸಿದವರು ಅಬ್ದುಲ್ ಬಾಕಿ ಮತ್ತು ಆಂಡರ್ಸನ್.

ಹಣದ ಲೆಕ್ಕವನ್ನೂ ಮಾಡಿಸಬಹುದು. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 1.8 ಮೀಟರ್ ಅಂತರವಿಟ್ಟರೆ ಒಂದು ಎಕರೆಗೆ ಸುಮಾರು 1,250 ಪಪ್ಪಾಯಿ ಗಿಡ ಹಿಡಿಯುತ್ತವೆ. ಶೇಕಡಾ 80 ಮೊಳೆಯುವ ಬೀಜವಾದರೆ ಸುಮಾರು 1,560 ಬೀಜ ಬಿತ್ತಬೇಕು. ಶೇಕಡಾ 40 ಮೊಳೆಯುವುದಾದರೆ 3,125. ಹೈಬ್ರಿಡ್ ಬೀಜವನ್ನು ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುವ ಮನೆಯಲ್ಲಿ ಈ ವ್ಯತ್ಯಾಸ ಏನೆಂದು ತರಗತಿಯ ಕೆಲವು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಬಾಯಿಂದಲೇ ಹೇಳಿಸಿ.

ಮನೆಯಲ್ಲಿ ಉಳಿದ ಬೀಜವನ್ನು ಫ್ರಿಜ್‌ನಲ್ಲಿ ಇಡಬಹುದೇ ಎಂದು ಮಕ್ಕಳು ಕೇಳುತ್ತಾರೆ. ಹದವಾಗಿ ಒಣಗಿಸಿ, ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿ, ಕೆಳಗಿನ ತರಕಾರಿ ಅರೆಯಲ್ಲಿ ಇಡಬಹುದು, ಫ್ರೀಜರ್‌ನಲ್ಲಿ ಬೇಡ. ಫ್ರಿಜ್‌ನ ಒಳಗೆ ಗಾಳಿ ತಣ್ಣಗಿದ್ದರೂ ತೇವ ಹೆಚ್ಚು. ಬರೀ ಕಾಗದದ ಪೊಟ್ಟಣವಾದರೆ ಬೀಜ ಆ ತೇವವನ್ನು ಹೀರುತ್ತದೆ. ಹೊರತೆಗೆದ ಬಾಟಲಿಯನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬಾರದು. ತಣ್ಣಗಿನ ಬೀಜದ ಮೇಲೆ ಹನಿ ಕಟ್ಟುತ್ತದೆ. ಹಸಿ ಬೀಜವನ್ನು ಬಿಗಿಯಾಗಿ ಮುಚ್ಚಿಡುವುದಂತೂ ತೆರೆದಿಡುವುದಕ್ಕಿಂತ ಕೆಟ್ಟದ್ದು, ಬೂಸ್ಟು ಹಿಡಿಯುತ್ತದೆ.

ಮುಂದಿನ ತಂಡಕ್ಕೆ

ಪ್ರೈಮಿಂಗ್‌ನ ಪರಿಣಾಮವನ್ನು ಒಂದು ತಿಂಗಳಲ್ಲಿ ತೋರಿಸಬಹುದು. ಸಂಗ್ರಹದ ಪರಿಣಾಮ ಕಾಣಲು ತಿಂಗಳುಗಳೇ ಬೇಕು, ನಮ್ಮ ಬೋಧನಾಭ್ಯಾಸದ ಅವಧಿ ಅದಕ್ಕೆ ಸಾಲದು. ಒಬ್ಬರಿಂದ ಆಗದ್ದನ್ನು ತಂಡದಿಂದ ತಂಡಕ್ಕೆ ದಾಟಿಸಬಹುದು. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದೇ ಹಣ್ಣಿನ ಬೀಜಗಳನ್ನು ಮೂರು ಕಡೆ ಇಟ್ಟು ಬಂದಿದ್ದೇನೆ: ತೆರೆದ ಕಾಗದದ ಪೊಟ್ಟಣದಲ್ಲಿ ಒಂದು ಪಾಲು, ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿ ಇನ್ನೊಂದು ಪಾಲು, ಜರಡಿ ಹಿಡಿದ ಒಣ ಬೂದಿಯೊಂದಿಗೆ ಬಾಟಲಿಯಲ್ಲಿ ಮತ್ತೊಂದು ಪಾಲು. ಪ್ರತಿಯೊಂದರ ಮೇಲೂ ಬೀಜ ತೆಗೆದ ದಿನ, ಒಣಗಿಸಿದ ದಿನಗಳು, ಮುಚ್ಚುವಾಗಿನ ತೂಕ ಬರೆದ ಚೀಟಿ ಇದೆ. ಬೀಜ ತೆಗೆದ ವಾರದಲ್ಲೇ ಬಿತ್ತಿದ ಪಾಲಿನ ತಖ್ತೆಯನ್ನು ಮಾರ್ಗದರ್ಶಕ ಶಿಕ್ಷಕರ ಬಳಿ ಕೊಟ್ಟಿದ್ದೇನೆ.

ಮುಂದಿನ ವರ್ಷ ಆ ಶಾಲೆಗೆ ಹೋಗುವವರು ಮೂರರಿಂದಲೂ 25 ಬೀಜ ಬಿತ್ತಿಸಿ, ಅರ್ಧವನ್ನು ನೆನೆಸಿ ಒಣಗಿಸಿ, ಅರ್ಧವನ್ನು ಹಾಗೆಯೇ ಹಾಕಿ ಹೋಲಿಸಿದರೆ ಸಂಗ್ರಹ ಮತ್ತು ಪ್ರೈಮಿಂಗ್ ಎರಡೂ ಒಂದೇ ತಖ್ತೆಯಲ್ಲಿ ಸಿಗುತ್ತವೆ. ಉಳಿದ ಬೀಜವನ್ನು ಮತ್ತೆ ಮುಚ್ಚಿ, ಚೀಟಿಯ ಮೇಲೆ ನಿಮ್ಮ ದಿನಾಂಕವನ್ನೂ ಬರೆದಿಡಿ.